ಜನರಿಗೆ ಅರಿವಿಲ್ಲ ಸ್ವಾಮಿ!

ಬಡ ದೇಶಗಳಲ್ಲಿ ಜನರ ಆರೋಗ್ಯ ಏಕೆ ಹೀಗೆ ಎಂದು ಕೇಳಿದರೆ ಸಾಹೇಬರ ಉತ್ತರ ಒಂದೇ: ಜನರಿಗೆ ಅರಿವಿಲ್ಲ. ಅರಿವು ಮೂಡಿಸುವ ಅಕ್ಟೋಬರ್ 15ರ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಸಚಿವರು, ಸಾಬೂನು, ಪಕ್ಕದಲ್ಲಿ ಬಕೆಟ್ ಹಿಡಿದು ನಿಂತ ಸಹಾಯಕ. 2008ರಲ್ಲಿ ಜಾಗತಿಕ ಕೈ ತೊಳೆಯುವ ದಿನ ಶುರುವಾದಾಗಿನಿಂದ ಬಡ ದೇಶಗಳ ಸಚಿವರಷ್ಟು ಶುಭ್ರವಾದ ಕೈಗಳು ಭೂಮಿಯ ಮೇಲೆ ಬೇರೆ ಯಾರಿಗೂ ಇಲ್ಲ. ನಲ್ಲಿ ಇರಬೇಕಾದ ಕಡೆ ಬಕೆಟ್ ಏಕೆ ಎಂದು ಕೇಳುವವರು ಅಭಿವೃದ್ಧಿಯ ವಿರೋಧಿಗಳು. ಅಂಥ ವಿರೋಧಿಗಳ ಸಾಲಿಗೆ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೂಡ ಸೇರಿಕೊಂಡವು: ಜಗತ್ತಿನ ನಾಲ್ಕು ಆರೋಗ್ಯ ಕೇಂದ್ರಗಳಲ್ಲಿ ಒಂದಕ್ಕೆ ನೀರಿನ ಮೂಲಸೌಲಭ್ಯವೇ ಇಲ್ಲವಂತೆ. ಇರಲಿ ಬಿಡಿ, ಗೋಡೆಯ ಮೇಲೆ ಭಿತ್ತಿಪತ್ರವಿದೆಯಲ್ಲ!

ಔಷಧಿ ಮುಗಿದಿದೆಯೇ? ಜನರಲ್ಲಿ ಅರಿವಿನ ಕೊರತೆ. ನರ್ಸ್ ಇಲ್ಲವೇ? ಅವರು ಅರಿವು ಮೂಡಿಸುವ ತರಬೇತಿಗೆ ಹೋಗಿದ್ದಾರೆ. ಆ ತರಬೇತಿ ನೋಡಲು ಪುಣ್ಯ ಮಾಡಿರಬೇಕು. ಬಣ್ಣದ ಚೀಟಿಗಳ ಮೇಲೆ ಸಮಸ್ಯೆಗಳನ್ನು ಬರೆದು ಗೋಡೆಗೆ ಅಂಟಿಸುತ್ತಾರೆ. ಚಹಾ ಆದ ಮೇಲೆ ಅವೇ ಚೀಟಿಗಳನ್ನು ಕಿತ್ತು ಎದುರಿನ ಗೋಡೆಗೆ ಅಂಟಿಸುತ್ತಾರೆ. ಆಗ ಅವು ಪರಿಹಾರಗಳಾಗುತ್ತವೆ. ಕೊನೆಗೆ ದಿನಭತ್ಯೆ, ಗುಂಪು ಫೋಟೋ, ಮತ್ತು ಯಾವ ಬಾಣಂತಿಗೂ ಓದಲು ಬಾರದ ಭಾಷೆಯಲ್ಲಿ ಒಂದು ವರದಿ.

ಗಡುವುಗಳ ಆರೋಗ್ಯವಂತೂ ಅಸೂಯೆ ಹುಟ್ಟಿಸುವಷ್ಟು ಚೆನ್ನಾಗಿದೆ. 1978ರಲ್ಲಿ ಸೋವಿಯತ್ ಒಕ್ಕೂಟದ ಅಲ್ಮಾ ಆಟಾದಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನಕ್ಕೆ ಕೂತವರು 2000ದ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಎಂದರು. 2001ರಲ್ಲಿ ನೈಜೀರಿಯಾದ ಅಬುಜಾದಲ್ಲಿ ಆಫ್ರಿಕಾದ ನಾಯಕರು ಬಜೆಟ್ಟಿನ ಶೇ. 15ರಷ್ಟನ್ನು ಆರೋಗ್ಯಕ್ಕೆ ಮೀಸಲಿಡುತ್ತೇವೆ ಎಂದು ಮಾತು ಕೊಟ್ಟರು. ಬಹುಪಾಲು ದೇಶಗಳಿಗೆ ಆ ಮಾತು ನೆನಪಿದ್ದಂತಿಲ್ಲ. ಈಗ ವಿಶ್ವಸಂಸ್ಥೆಯ ಹೊಸ ಗುರಿಗಳಂತೆ ಎಲ್ಲವೂ 2030ಕ್ಕೆ.

ಅರಿವು ಮೂಡಿಸಲು ಬಾರದೆಂದಲ್ಲ. 1980ರಿಂದ ಹತ್ತು ವರ್ಷ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ಹೆಂಗಸರು ಮನೆಮನೆಗೆ ನಡೆದು, ಭೇದಿಯಾದ ಮಗುವಿಗೆ ಏನು ಕುಡಿಸಬೇಕೆಂದು ತಾಯಂದಿರಿಗೆ ಹೇಳಿಕೊಟ್ಟರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಸುಮಾರು 1.2 ಕೋಟಿ ಮನೆಗಳು. ಆ ಹೆಂಗಸರ ಸಂಬಳ, ತಾಯಂದಿರು ಕಲಿತದ್ದನ್ನು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂಬುದರ ಮೇಲೆ ನಿಂತಿತ್ತು. ಈ ಪದ್ಧತಿಯನ್ನು ಆರೋಗ್ಯ ಸಚಿವಾಲಯಗಳಿಗೆ ತಂದರೆ ತಿಂಗಳ ಕೊನೆಗೆ ಎಷ್ಟು ಜನ ಸಾಹೇಬರು ಖಜಾನೆಗೇ ಹಣ ಕಟ್ಟಬೇಕಾದೀತು ಎಂದು ನೆನೆದರೆ ನನಗೆ ಹಿತವೆನಿಸುತ್ತದೆ.

2014ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ, ರೋಗಿಯನ್ನು ಮುಟ್ಟಿದರೆ ಅಂಟುವ ಮಾರಕ ರೋಗ ಎಬೋಲಾ ಹಬ್ಬಿತು. ಇದಕ್ಕೆ ಮದ್ದಿಲ್ಲ ಎಂದು ಮೊದಮೊದಲ ಪ್ರಚಾರ ಸಾರಿತು. ಮದ್ದಿಲ್ಲದ ಮೇಲೆ ಆಸ್ಪತ್ರೆಗೆ ಏಕೆ ಹೋಗಬೇಕು ಎಂದು ಜನ ರೋಗಿಗಳನ್ನು ಮನೆಯಲ್ಲೇ ಇಟ್ಟುಕೊಂಡರು, ಆರೈಕೆ ಮಾಡಿದರು, ಸತ್ತರು. ಹೇಳಿದ್ದನ್ನು ಅವರು ಸರಿಯಾಗಿಯೇ ಕೇಳಿಸಿಕೊಂಡಿದ್ದರು. ಅಜ್ಞಾನದ ಆರೋಪವೂ ಅವರ ತಲೆಗೇ ಬಂತು.

ಜ್ವರದ ಮಗುವನ್ನು ಹೊತ್ತು ಗಾವುದ ನಡೆದು ಬಂದವಳಿಗೆ ಆಸ್ಪತ್ರೆ ಬೇಕೆಂಬ ಅರಿವು ಇರುವುದರಿಂದಲೇ ಅವಳು ಬಂದಿದ್ದಾಳೆ. ಆಸ್ಪತ್ರೆಗೆ ಬೀಗ ಹಾಕಿರುವುದು ನೀವು, ಸಾಹೇಬರೇ. ಮೊದಲು ಔಷಧಿ ಕಳುಹಿಸಿ, ನರ್ಸಿಗೆ ನಿಂತುಹೋದ ಸಂಬಳ ಕೊಡಿ, ನಲ್ಲಿಗೆ ನೀರು ಬಿಡಿ. ಭಿತ್ತಿಪತ್ರ ಆಮೇಲೆ ಅಂಟಿಸೋಣ. ಗೋಂದು ನಾನೇ ಕಲಸಿ ಕೊಡುತ್ತೇನೆ.