ಊರಿಗೆ ಬಂದವರು ನೀರಿಗೆ ಬರಲಿಲ್ಲ

ಕೆರಿಬಿಯನ್ ಸಮುದ್ರದಲ್ಲಿ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್ ಅಂತ, ಬ್ರಿಟನ್ನಿನ ಅಧೀನದ ಒಂದಿಷ್ಟು ದ್ವೀಪಗಳಿವೆ. ಎಲ್ಲ ಸೇರಿ ಜನಸಂಖ್ಯೆ 40 ಸಾವಿರದೊಳಗೆ. ಅಲ್ಲಿ ನೋಂದಣಿಯಾಗಿರುವ ಕಂಪನಿಗಳು ಮಾತ್ರ 3 ಲಕ್ಷಕ್ಕೂ ಜಾಸ್ತಿ. ಹೆಚ್ಚಿನವು ಹೊರದೇಶದವರು ಕಾಗದದ ಮೇಲಷ್ಟೇ ಇಟ್ಟವು; ಅಲ್ಲಿ ಕಂಪನಿಯ ಲಾಭಕ್ಕೆ ತೆರಿಗೆ ಇಲ್ಲ, ಮಾಲೀಕರ ಹೆಸರೂ ಹೊರಗೆ ಬೀಳುವುದಿಲ್ಲ. ತೊಟ್ಟಿಲಲ್ಲಿರುವ ಕೂಸನ್ನೂ ಸೇರಿಸಿ ಲೆಕ್ಕ ಹಾಕಿದರೂ ತಲೆಗೆ ಏಳೆಂಟು ಕಂಪನಿ ಬೀಳುತ್ತವೆ.

ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತ ನಮ್ಮ ಹಿರಿಯರು ಕೇಳುತ್ತಿದ್ದರು. ಪಾಪ, ಅವರಿಗೆ ಈ ಊರು ಗೊತ್ತಿರಲಿಲ್ಲ. ಇಲ್ಲಿ ಮೂರು ಲಕ್ಷ ಮಂದಿ ಊರಿಗೆ ಬಂದು ಕೂತಿದ್ದಾರೆ. ಒಬ್ಬರೂ ನೀರಿಗೆ ಬಂದಿಲ್ಲ.

ಬರಬಾರದ ನೀರೇನಲ್ಲ ಅದು. ವರ್ಜಿನ್ ಗೋರ್ಡಾ ದ್ವೀಪದ ತುದಿಯಲ್ಲಿ ದಿ ಬಾತ್ಸ್ ಅನ್ನುವ ಕಡಲತೀರವಿದೆ. ಬಿಳಿ ಮರಳಿನ ಮೇಲೆ ದೈತ್ಯ ಗ್ರಾನೈಟ್ ಬಂಡೆಗಳು, ಒಂದಕ್ಕೊಂದು ಒರಗಿಕೊಂಡು. ಕೆಲವಂತೂ 12 ಮೀಟರ್ ಅಡ್ಡಳತೆಯವು. ಭೂಮಿಯೊಳಗೆ ಕರಗಿದ್ದ ಕಲ್ಲು ನಿಧಾನವಾಗಿ ಆರಿತು, ಬಿರುಕು ಬಿಟ್ಟಿತು. ಮೇಲಿದ್ದದ್ದೆಲ್ಲ ಸವೆದು ಹೋದ ಮೇಲೆ ಹೊರಗೆ ಬಂತು, ಮೂಲೆ ಉದುರಿ ಗುಂಡಾಯಿತು. ಹಂಪಿಯ ಬಂಡೆಗಳು ಗುಂಡಾದದ್ದೂ ಹೆಚ್ಚುಕಡಿಮೆ ಹೀಗೇ. ಅವಕ್ಕೆ ಸುಮಾರು 250 ಕೋಟಿ ವರ್ಷ. ಅವುಗಳ ಮುಂದೆ ಇವು ಇನ್ನೂ ಹಾಲುಗಲ್ಲದ ಹುಡುಗರು.

ಬಂಡೆಗಳ ಸಂದಿಯಲ್ಲಿ ಸಮುದ್ರ ಹೊಕ್ಕು ಕೊಳಗಳಾಗಿವೆ. ಹಗ್ಗ ಹಿಡಿದು, ಮರದ ಏಣಿ ಹತ್ತಿ, ಬಗ್ಗಿ, ತೆವಳಿ ಒಳಗೆ ಹೋಗಬೇಕು. ಮೇಲಿನ ಸಂದಿಯಿಂದ ಬಿಸಿಲು ಓರೆಯಾಗಿ ನೀರಿಗೆ ಬೀಳುತ್ತದೆ. ಕ್ರೂಸ್ ಹಡಗು ಬಂದ ದಿನ ಅಲ್ಲಿ ಕ್ಯೂ. ‘ಯಾರೂ ಕಾಣದ ಜಾಗ’ ಅಂತ ಫೋಟೊ ಹಾಕಬೇಕಲ್ಲ, ಅದಕ್ಕೆ ಮುಂದಿನವರು ಸರಿಯಲಿ ಅಂತ ಹಿಂದಿನವರು ಕಾಯುತ್ತಾ ನಿಂತಿರುತ್ತಾರೆ.

ಪಕ್ಕದಲ್ಲೇ ಸ್ಪ್ರಿಂಗ್ ಬೇ. ಅದೇ ಕಲ್ಲು, ಅದೇ ಮರಳು, ಅದೇ ನೀರು. ಏಣಿ ಇಲ್ಲ, ಹಗ್ಗ ಇಲ್ಲ, ಹಾಗಾಗಿ ಹೆಸರೂ ಅಷ್ಟಿಲ್ಲ. ಹುಲ್ಲಿನ ಮೇಲೆ ಒಂದು ಉಯ್ಯಾಲೆ. ಸೀ ಗ್ರೇಪ್ ಮರದ ನೆರಳು, ಅದರ ದಪ್ಪ ದುಂಡನೆಯ ಎಲೆಗಳು. ಬಂಡೆಗಳೇ ಸುತ್ತುಗಟ್ಟಿದ ಒಂದು ಕೊಳವಿದೆ, ದಿ ಕ್ರಾಲ್ ಅಂತ. ಅಲೆಯ ಆರ್ಭಟವೆಲ್ಲ ಹೊರಗೇ, ಒಳಗೆ ತಿಳಿನೀರು. ಮೂರು ಲಕ್ಷ ನಿವಾಸಿಗಳಲ್ಲಿ ನೂರಕ್ಕೆ ಒಬ್ಬರು ಬಂದು ಇಲ್ಲಿ ಕಾಲು ಚಾಚಿದ್ದರೂ ಟವೆಲ್ ಹಾಸಲು ಜಾಗ ಸಿಗುತ್ತಿರಲಿಲ್ಲ.

ಅವರೆಲ್ಲ ಎಲ್ಲಿದ್ದಾರೆ? ಟೊರ್ಟೋಲಾ ದ್ವೀಪದ ರೋಡ್ ಟೌನ್‌ನಲ್ಲಿ, ಅದೇ ರಾಜಧಾನಿ. ಒಂದೊಂದು ಪೋಸ್ಟ್ ಬಾಕ್ಸಿನಲ್ಲಿ ಸಾವಿರಾರು ಮಂದಿಯ ಬಿಡಾರ. ಅವಿಭಕ್ತ ಕುಟುಂಬಗಳೆಲ್ಲ ಒಡೆದುಹೋದವು ಅಂತ ಕೊರಗುವವರು ಅಲ್ಲಿಗೆ ಹೋಗಿ ಕಣ್ಣು ತಂಪು ಮಾಡಿಕೊಳ್ಳಬೇಕು. ಜಗಳವಿಲ್ಲ, ಗೋಡೆ ಎತ್ತುವುದಿಲ್ಲ, ಬಚ್ಚಲುಮನೆಗೆ ಕಾಯುವವರಿಲ್ಲ. ಒಬ್ಬರಿಗೊಬ್ಬರು ಯಾರು ಅಂತಲೇ ಗೊತ್ತಿಲ್ಲದಿರುವಾಗ ಜಗಳಕ್ಕೆ ಕಾರಣ ಎಲ್ಲಿಂದ ಬರಬೇಕು?

ನೀವು ನಾವು ಹೋಗುವುದಾದರೆ ಪಾಸ್‌ಪೋರ್ಟ್ ಬೇಕು, ವಾಪಸ್ ಟಿಕೆಟ್ ಬೇಕು, ಪರಿಸರ ಮತ್ತು ಪ್ರವಾಸೋದ್ಯಮದ ಹೆಸರಲ್ಲಿ ತಲೆಗೆ 10 ಡಾಲರ್ ಕಟ್ಟಬೇಕು. ದೋಣಿಯಲ್ಲಿ ಬಾತ್ಸ್‌ಗೆ ಬಂದರೆ ಅಲ್ಲಿ ದೋಣಿ ಕಟ್ಟಲು ಸಿಗುವುದು 90 ನಿಮಿಷ. ಕಂಪನಿಗೆ ಇದ್ಯಾವ ರಗಳೆಯೂ ಇಲ್ಲ. ಎಲ್ಲೋ ಕೂತವರು ಇಲ್ಲಿನ ಏಜೆಂಟನಿಗೆ ಕಾಗದಪತ್ರ ಕಳಿಸಿದರೆ ಸಾಕು, ಅದು ಹುಟ್ಟುತ್ತದೆ. ವರ್ಷಕ್ಕೆ ಕೆಲವು ನೂರು ಡಾಲರ್ ಕಟ್ಟುತ್ತಾ ಹೋದರೆ ಬದುಕಿರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬದಲಿಸಿ ಆಧಾರ್ ಕಾರ್ಡಿನ ವಿಳಾಸ ತಿದ್ದಿಸಲು ಹೋದವರಿಗೆ ಈ ಸುಖ ಏನು ಅಂತ ಅರ್ಥವಾಗುತ್ತದೆ. ಇಲ್ಲಿ ಕರೆಂಟ್ ಬಿಲ್ ಕೊಟ್ಟರೆ ಗ್ಯಾಸ್ ಬಿಲ್ ಎಲ್ಲಿ ಅನ್ನುತ್ತಾರೆ. ಅಲ್ಲಿ ಬಲ್ಬೇ ಇಲ್ಲದವರು ಖಾಯಂ ನಿವಾಸಿಗಳು.

ದ್ವೀಪದವರನ್ನು ಸುಮ್ನೆ ಬೈಯುವುದೂ ಸರಿಯಲ್ಲ ಬಿಡಿ. ಹೊರಗಿನವರ ಕಂಪನಿಗಳಿಗೆ ಬಾಗಿಲು ತೆರೆದ ಕಾಯಿದೆ ಬಂದದ್ದು 1984ರಲ್ಲಿ. ಇವತ್ತು ಸರ್ಕಾರದ ವರಮಾನದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ದಂಧೆಯಿಂದ ಬರುತ್ತದೆ. ಶಾಲೆ, ಆಸ್ಪತ್ರೆ ನಡೆಯುವುದೂ ಅದರಿಂದ. ಇಂಥ ಬಾಡಿಗೆದಾರ ಯಾರಿಗೆ ಬೇಡ? ನೀರು ಕೇಳುವುದಿಲ್ಲ, ರಸ್ತೆ ಹಾಳು ಮಾಡುವುದಿಲ್ಲ, ಓಟೂ ಹಾಕುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಂದಾಗ ದ್ವೀಪದ ಮನೆಗಳ ಛಾವಣಿ ಹಾರಿತು, ದೋಣಿಗಳು ದಡದಲ್ಲಿ ರಾಶಿ ಬಿದ್ದವು. ಈ ಮಂದಿಯಲ್ಲಿ ಒಬ್ಬರದೂ ಹೆಂಚು ಹಾರಲಿಲ್ಲ. ಹೆಂಚಿದ್ದರೆ ತಾನೆ!

2016ರಲ್ಲಿ ಪನಾಮಾ ಪೇಪರ್ಸ್ ಬಯಲಾದಾಗ ಒಂದೇ ಒಂದು ವಕೀಲರ ಸಂಸ್ಥೆಯ ಕಡತದಲ್ಲಿ ಈ ದ್ವೀಪಗಳ ಕಂಪನಿಗಳು 1 ಲಕ್ಷ 13 ಸಾವಿರಕ್ಕೂ ಹೆಚ್ಚು ಸಿಕ್ಕವು. ಭಾರತದ ನೂರಾರು ಹೆಸರುಗಳೂ ಆ ಕಡತದಲ್ಲಿದ್ದವು. ಹೊರದೇಶದಲ್ಲಿ ಕಂಪನಿ ಇಟ್ಟವರೆಲ್ಲ ಕಳ್ಳರಲ್ಲ, ಕಾನೂನಿನ ಪ್ರಕಾರವೇ ಇಟ್ಟವರೂ ಇದ್ದಾರೆ. ಆದರೂ ಜಗತ್ತು ಮುಖ ಗಂಟಿಕ್ಕಿತು. ಯುರೋಪಿನವರು ಜೋರು ಮಾಡಿದರು. 2018ರಲ್ಲಿ ದ್ವೀಪದ ಸರ್ಕಾರ ಒಂದು ಕಾಯಿದೆ ತಂದಿತು. ಬ್ಯಾಂಕು, ವಿಮೆ, ಹಡಗು ಅಂತ 9 ಬಗೆಯ ವ್ಯವಹಾರದವರು ತಾವು ನಿಜವಾಗಿ ಇಲ್ಲಿದ್ದೇವೆ ಅಂತ ತೋರಿಸಬೇಕು. ಜಾಗ ಇದೆಯಾ? ಸಾಕಷ್ಟು ಸಿಬ್ಬಂದಿ ಇದ್ದಾರಾ? ಆಡಳಿತ ಇಲ್ಲಿಂದಲೇ ನಡೆಯುತ್ತಾ?

ಈ ಪರೀಕ್ಷೆಯಲ್ಲಿ ರ‍್ಯಾಂಕ್ ಬರಬೇಕಾದದ್ದು ಸ್ಪ್ರಿಂಗ್ ಬೇ ಬಂಡೆಗಳು. ಜಾಗ ಇದೆ, ಕೋಟ್ಯಂತರ ವರ್ಷದಿಂದ ಕದಲಿಲ್ಲ. ಸಿಬ್ಬಂದಿಯೂ ಇದ್ದಾರೆ, ಏಡಿಗಳು, ಎರಡೂ ಪಾಳಿಯಲ್ಲಿ. ಆಡಳಿತ ಮಂಡಳಿಯ ಸಭೆಯಂತೂ ಹಗಲೂ ರಾತ್ರಿ ದ್ವೀಪದಲ್ಲೇ, ಎಲ್ಲ ಸದಸ್ಯರೂ ಹಾಜರು. ಆದರೆ ಬಂಡೆಗಳು ಇಷ್ಟೆಲ್ಲ ಕಷ್ಟಪಡಬೇಕಾಗಿಲ್ಲ. ಅದೇ ಕಾಯಿದೆಯಲ್ಲಿ, ಬರೀ ಷೇರು ಹಿಡಿದುಕೊಂಡು ಕೂತ ಕಂಪನಿಗಳಿಗೆ ನಿಯಮ ಸಡಿಲ. ಏನೂ ಮಾಡದೆ ಕೂತವರಿಗೆ ರಿಯಾಯಿತಿ ಅಂದಮೇಲೆ ಬಂಡೆಗಿಂತ ಅರ್ಹರು ಯಾರು?

ಇನ್ನು ಒಡೆಯರ ಪಟ್ಟಿ. ಕಂಪನಿಗಳ ಹಿಂದಿರುವ ಅಸಲಿ ಮಾಲೀಕರ ಹೆಸರು ಎಲ್ಲರಿಗೂ ಕಾಣುವಂತಿರಬೇಕು ಅಂತ ಬ್ರಿಟನ್ನಿನ ಸಂಸತ್ತು 2018ರಲ್ಲೇ ಕಾನೂನು ಮಾಡಿತು. ಮೊದಲು 2020 ಅಂದರು. ಆಮೇಲೆ 2023 ಅಂದರು. ಮರಳ ಮೇಲೆ ಬರೆದ ತಾರೀಖು, ಅಲೆ ಬಂತು, ಹೋಯಿತು. ಈಗ ಎಲ್ಲರಿಗೂ ತೋರಿಸಲು ಆಗುವುದಿಲ್ಲ, ನ್ಯಾಯವಾದ ಆಸಕ್ತಿ ಇದ್ದವರಿಗೆ ಮಾತ್ರ ಅನ್ನುವ ರಾಗ ಶುರುವಾಗಿದೆ.

ಬಾತ್ಸ್‌ನ ದಡದಲ್ಲಿ ಬಾವುಟ ಹಾರಿಸುತ್ತಾರೆ. ಅಲೆ ಜೋರಿದ್ದರೆ ಒಂದು ಬಣ್ಣ, ಜೆಲ್ಲಿ ಮೀನು ಬಂದಿದ್ದರೆ ಇನ್ನೊಂದು. ಜೆಲ್ಲಿ ಮೀನು ಬಂದರೂ ಊರಿಗೆಲ್ಲ ಸಾರುತ್ತಾರೆ, ಅದರ ಖಾಸಗಿತನದ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ಅದಕ್ಕೆ ಯಾರೂ ಬುದ್ಧಿ ಹೇಳಿಲ್ಲ ಅಂತ ಕಾಣುತ್ತೆ. ರೋಡ್ ಟೌನಿಗೆ ಹೋಗಿ ಒಂದು ಕಂಪನಿ ಮಾಡಿಕೊಂಡು ಅದರ ಹೆಸರಲ್ಲಿ ಕಚ್ಚಿದರೆ ಯಾವ ಬಾವುಟವೂ ಏರುವುದಿಲ್ಲ.