ಗಿಣಿ ಕಚ್ಚಿದ ಹಣ್ಣು

ಹನ್ನೊಂದು ದಿನದಿಂದ ಒಂದೇ ಒಂದು ಸೀಬೆಕಾಯಿಯ ಮೇಲೆ ಕಣ್ಣಿಟ್ಟಿದ್ದೆ. ಮನೆ ಹಿಂದಿನ ಗಿಡದಲ್ಲಿ, ಎಲೆ ಮರೆಯಲ್ಲಿತ್ತು. ಇನ್ನೆರಡು ದಿನ ಬಿಟ್ಟರೆ ಹದವಾಗುತ್ತದೆ ಅಂತ ಸುಮ್ಮನಿದ್ದೆ. ಇವತ್ತು ಬೆಳಗ್ಗೆ ಹಲ್ಲುಜ್ಜುತ್ತಾ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿದೆ. ಒಂದು ಮಗ್ಗುಲು ಮಾತ್ರ ಕೆರೆದು ತಿಂದಿದೆ, ಉಳಿದದ್ದು ಹಾಗೇ ಇದೆ. ತಂತಿ ಮೇಲೆ ಕೂತು ಕಿರುಚುತ್ತಿದ್ದ ಗಿಣಿ ತಲೆ ವಾಲಿಸಿ ನನ್ನನ್ನು ಒಂದೇ ಕಣ್ಣಲ್ಲಿ ನೋಡಿತು.

ತಿನ್ನಲಿ, ಬೇಡ ಅನ್ನಲ್ಲ. ಪೂರ್ತಿ ತಿನ್ನಲಿ. ಒಂದು ಕಚ್ಚು ಕಚ್ಚಿ, ಬಿಸಾಕಿ, ಪಕ್ಕದ ಕಾಯಿಗೆ ಹೋಗುವುದು ಯಾವ ಸೀಮೆ ನಡತೆ? ಮದುವೆ ಮನೆಯಲ್ಲಿ ಎಲೆ ತುಂಬ ಬಡಿಸಿಕೊಂಡು ಎದ್ದು ಹೋಗುವವರನ್ನು ಕಂಡರೂ ನನಗೆ ಹೀಗೇ ಉರಿಯುತ್ತದೆ. ಗಿಣಿ ಯಾಕೆ ಹಾಗೆ ಮಾಡುತ್ತದೆ ಅನ್ನೋದಕ್ಕೆ ನನ್ನದೊಂದು ಲೆಕ್ಕಾಚಾರ ಇದೆ, ಹೇಳುತ್ತೇನೆ. ಅದಕ್ಕೆ ಮೊದಲು ಕ್ಯಾಸೆಟ್ಟಿನ ವಿಷಯ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಹಿರಿಯೂರಿನ ಹತ್ತಿರ ಚಿಕ್ಕಪ್ಪ ಸೂರ್ಯಕಾಂತಿ ಹಾಕಿದ್ದರು. ದಸರಾ ರಜೆಗೆ ಹೋದವನಿಗೆ ಗಿಣಿ ಕಾಯುವ ಕೆಲಸ ಬಿತ್ತು. ಕೈಗೊಂದು ಡಾಲ್ಡಾ ಡಬ್ಬ, ಒಂದು ಕೋಲು. ಹೊತ್ತು ಹುಟ್ಟುವಾಗಲೇ ಹಿಂಡು ಹಿಂಡಾಗಿ ಬಂದಿಳಿಯುತ್ತಿದ್ದವು. ತಲೆ ಬಗ್ಗಿಸಿದ ಹೂವಿನ ಬೆನ್ನ ಮೇಲೆ ಕೂತು, ತಲೆಕೆಳಗಾಗಿ ಬಗ್ಗಿ, ಒಂದೊಂದೇ ಕಾಳು ಕಿತ್ತು, ನಾಲಿಗೆಯಲ್ಲೇ ತಿರುಗಿಸಿ ಸಿಪ್ಪೆ ಉದುರಿಸುತ್ತಿದ್ದವು. ನಮ್ಮಜ್ಜಿ ಕಡಲೆಕಾಯಿ ಬಿಡಿಸುವಾಗಲೂ ಅಷ್ಟು ಚುರುಕಿರಲಿಲ್ಲ. ಡಬ್ಬ ಬಡಿದರೆ ಎದ್ದು ಆ ತುದಿಗೆ. ಆ ತುದಿಗೆ ಓಡಿದರೆ ಈ ತುದಿಗೆ. ಹಸಿರು ಹೊಲದಲ್ಲಿ ಹಸಿರು ಗಿಣಿ, ಕೆಂಪು ಕೊಕ್ಕು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.

ಪಕ್ಕದ ಹೊಲದವರು ಹಳೇ ಕ್ಯಾಸೆಟ್ಟಿನ ಟೇಪು ಬಿಚ್ಚಿ ಕಡ್ಡಿಯಿಂದ ಕಡ್ಡಿಗೆ ಎಳೆದು ಕಟ್ಟಿದ್ದರು. ಬಿಸಿಲಿಗೆ ಮಿಂಚುತ್ತಿತ್ತು, ಗಾಳಿಗೆ ಝುಯ್ ಅನ್ನುತ್ತಿತ್ತು. ನಾನೂ ಮನೆಗೆ ಹೋಗಿ, ಟ್ರಂಕಿನಲ್ಲಿದ್ದ, ಮೇಲೆ ಏನೂ ಬರೆದಿರದ ಒಂದು ಕ್ಯಾಸೆಟ್ ತಂದು, ಮಧ್ಯಾಹ್ನ ಪೂರ್ತಿ ಕೂತು ಬಿಚ್ಚಿ, ಹೊಲದ ಸುತ್ತ ಕಟ್ಟಿದೆ. ಅದು ಚಿಕ್ಕಪ್ಪನ ಮದುವೆ ಕ್ಯಾಸೆಟ್. ಓಲಗ, ಸೋಬಾನೆ, ಪಂಕ್ತಿಯಲ್ಲಿ ಯಾರೋ 'ಸಾರು, ಸಾರು' ಅಂತ ಕೂಗಿದ್ದು, ಎಲ್ಲಾ ಸೂರ್ಯಕಾಂತಿ ಹೊಲದಲ್ಲಿ ಝುಯ್ ಅನ್ನುತ್ತಿತ್ತು. ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಅದರಲ್ಲಿ ತಾತನ ದನಿ ಇತ್ತಂತೆ. 'ಲೇ, ಚಪ್ಪರದ ಗೂಟ ನೋಡ್ರೋ' ಅನ್ನೋ ಒಂದೇ ಮಾತು. ತಾತ ಆಗಲೇ ತೀರಿಹೋಗಿದ್ದರು. ಸುತ್ತಿ ತರಲು ಹೋದರೆ ಟೇಪು ತುಂಡು ತುಂಡಾಗಿ ಕೈಗೆ ಬಂತು. ಗಿಣಿಗಳು ಎರಡು ದಿನ ಹೆದರಿದವು. ಮೂರನೇ ದಿನ ಒಂದು ಗಂಡು ಗಿಣಿ, ಕುತ್ತಿಗೆಗೆ ಕಪ್ಪು, ಗುಲಾಬಿ ಬಣ್ಣದ ಪಟ್ಟಿ ಇದ್ದದ್ದು, ಆ ಕಡ್ಡಿಯ ತುದಿಯಲ್ಲೇ ಕೂತು, ಒಂದು ಕಾಲಲ್ಲಿ ಹೂವಿನ ಚೂರು ಹಿಡಿದು, ನೆಮ್ಮದಿಯಾಗಿ ತಿನ್ನುತ್ತಿತ್ತು. ಹೋದ ತಿಂಗಳು ಫೋನ್ ಮಾಡಿದಾಗಲೂ ಚಿಕ್ಕಪ್ಪ, 'ನಿನ್ನ ಮದುವೆ ವಿಡಿಯೊ ಹುಷಾರಾಗಿ ಇಟ್ಕೊಂಡಿದೀಯ ತಾನೆ?' ಅಂದರು.

ಸೀಬೆಗಿಡಕ್ಕೆ ವಾಪಸ್ ಬರೋಣ. ಮೂಲೆ ಮನೆಯ ಒಣಗಿದ ತೆಂಗಿನಮರದಲ್ಲಿ ಮರಕುಟಿಗ ಕಷ್ಟಪಟ್ಟು ಕೊರೆದ ಪೊಟರೆ ಇದೆ. ಈಗ ಅದರಲ್ಲಿ ಈ ಗಿಣಿಗಳ ಸಂಸಾರ. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ. ಪಟ್ಟಿ ಇಲ್ಲದ ಹೆಣ್ಣು ತಲೆ ಹೊರಗೆ ಹಾಕಿ ಕೂತಿರುತ್ತದೆ, ಗಂಡು ನನ್ನ ಗಿಡದಲ್ಲಿ ತಿಂದದ್ದನ್ನು ತಂದು ಅದರ ಬಾಯಿಗೆ ಕಕ್ಕುತ್ತದೆ. ಎದುರು ಮನೆಯವರು 'ಬಲೆ ಹಾಕಿ ಸಾರ್' ಅಂದರು. ಇನ್ನೊಬ್ಬರು 'ಒಂದನ್ನ ಹಿಡಿದು ಪಂಜರದಲ್ಲಿಡಿ, ಮಾತು ಕಲಿಸಬಹುದು' ಅಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಗಿಣಿಯನ್ನು ಸಾಕುವ ಹಾಗಿಲ್ಲ ಸ್ವಾಮಿ ಅಂದೆ. 'ಅಯ್ಯೋ, ಎಲ್ರೂ ಸಾಕ್ತಾರೆ ಬಿಡಿ' ಅಂದರು. ಇವರ ಹತ್ತಿರ ಮಾತಾಡುವುದಕ್ಕಿಂತ ಗಿಣಿ ಹತ್ತಿರ ಜಗಳ ಆಡುವುದು ವಾಸಿ.

ಲಂಡನ್ನಿನಲ್ಲಿರುವ ಅಕ್ಕನ ಮಗಳು ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ ಸೇಬಿನ ಹೋಳು ಹಿಡಿದು ನಿಂತ ವಿಡಿಯೊ ಕಳಿಸಿದ್ದಳು. ಅಲ್ಲೂ ಇದೇ ಜಾತಿ ಗಿಣಿ. ಯಾವಾಗಲೋ ಸಾಕಿದವರ ಕೈ ತಪ್ಪಿ ಹಾರಿದವುಗಳ ಮರಿ ಮೊಮ್ಮಕ್ಕಳು. ಅವಳ ಕೈ ಮೇಲೇ ಬಂದು ಕೂತಿದೆ. 'ಮಾಮ, ಎಷ್ಟು ಕ್ಯೂಟ್ ಅಲ್ವಾ?' ಅಂತ ಬರೆದಿದ್ದಳು. ಸೇಬು ಅಂಗಡಿಯದು. ಅದಕ್ಕೇ ಕ್ಯೂಟು.

ಗಿಣಿ ಕಚ್ಚಿದ ಹಣ್ಣು ಜಾಸ್ತಿ ಸಿಹಿ ಅಂತ ಅಜ್ಜಿ ಹೇಳುತ್ತಿದ್ದರು. ಎಲ್ಲರ ಅಜ್ಜಿಯರೂ ಹೇಳಿದ್ದಾರೆ. ಆಗಲೇ ಹೇಳಿದ ನನ್ನ ಲೆಕ್ಕಾಚಾರ ಇಷ್ಟೇ: ನಾನು ನೋಡಿದ ಹಾಗೆ ಗಿಣಿ ಹಣ್ಣಿಗೆ ಕಾಯುವುದೇ ಇಲ್ಲ, ದೋರೆಗಾಯಿಗೇ ಬಾಯಿ ಹಾಕುತ್ತದೆ. ಆದರೂ ಅಜ್ಜಿ ಮಾತು ಅಂತ ಇವತ್ತಿನದನ್ನು ತೊಳೆದು, ಕಚ್ಚಿದ ಭಾಗ ಕತ್ತರಿಸಿ ತೆಗೆದು, ಉಪ್ಪು ಖಾರ ಹಚ್ಚಿಕೊಂಡು ಕೂತೆ. ಬರೀ ಒಗರು. ಎರಡು ಹೋಳು ತಿಂದು ಉಳಿದದ್ದನ್ನು ಗಿಡದ ಬುಡಕ್ಕೆ ಎಸೆದೆ.