ಮರ ಒಂದು, ಹಸಿ

ಮನೆ ಬದಲಾಯಿಸುತ್ತೇವೆ ಅಂದರೆ ಗ್ಯಾಸ್ ಟ್ರಾನ್ಸ್‌ಫರ್ ಆಯ್ತಾ, ಹಾಲಿನವನ ಲೆಕ್ಕ ಚುಕ್ತಾ ಆಯ್ತಾ ಅಂತ ಕೇಳಬೇಕು ತಾನೇ? ನಮ್ಮ ರಸ್ತೆಯವರು ಗೇಟಿನ ಹತ್ತಿರ ನಿಂತು, ತಲೆ ಎತ್ತಿ, "ಇದನ್ನೇನು ಮಾಡ್ತೀರಿ?" ಅಂತಾರೆ. ಇದು ಅಂದರೆ ಸೀಬೆ ಮರ. ಕುವೆಂಪುನಗರದ ಈ ಬಾಡಿಗೆ ಮನೆಗೆ ಬಂದ ವರ್ಷ ಅಪ್ಪ ನೆಟ್ಟಿದ್ದು. ಈಗ ಬೋಗಾದಿ ಕಡೆ ನಮ್ಮದೇ ಮನೆ ಆಗಿದೆ. ಓನರ್‌ಗೆ ಇಲ್ಲಿ ಕಾರ್ ಪಾರ್ಕಿಂಗ್ ಬೇಕಂತೆ. "ಬೇಕಾದ್ರೆ ತಗೊಂಡು ಹೋಗಿ, ಇಲ್ಲಾಂದ್ರೆ ಕಡಿಸ್ತೀನಿ" ಅಂದುಬಿಟ್ಟರು, ಹಳೇ ಕರ್ಟನ್ ವಿಷಯ ಮಾತಾಡೋ ಹಾಗೆ.

ವಕೀಲ ಭಾವನಿಗೆ ಹುರುಪು ಬಂತು. 1882ರ ಆಸ್ತಿ ವರ್ಗಾವಣೆ ಕಾಯ್ದೆ, ಸೆಕ್ಷನ್ 108: ಕರಾರಿನಲ್ಲಿ ಬೇರೆ ಬರೆದಿಲ್ಲ ಅಂದರೆ ಬಾಡಿಗೆದಾರ ತಾನು ನೆಟ್ಟಿದ್ದನ್ನು ಮನೆ ಬಿಡುವ ಮುಂಚೆ ಕಿತ್ತುಕೊಂಡು ಹೋಗಬಹುದು, ಜಾಗ ಮಾತ್ರ ಮೊದಲಿದ್ದ ಹಾಗೆ ಇರಬೇಕು. ಹಕ್ಕು ಸಿಕ್ಕಿತು, ಕ್ರೇನ್ ಯಾರು ಕೊಡ್ತಾರೆ?

ಅಷ್ಟರಲ್ಲಿ ಪ್ಯಾಕರ್ಸ್‌ನವನು ಎಸ್ಟಿಮೇಟ್‌ಗೆ ಬಂದ. ಮಂಚ ಎರಡು, ಫ್ರಿಜ್ ಒಂದು ಅಂತ ಬರೆಯುತ್ತಾ ಅಂಗಳಕ್ಕಿಳಿದ. ನಾನು ಸುಮ್ನೆ ತಮಾಷೆಗೆ "ಇದೂ ಬರುತ್ತಪ್ಪ" ಅಂದೆ. ಅವನು ನಗಲಿಲ್ಲ. ಮರಕ್ಕೆ ಒಂದು ಸುತ್ತು ಬಂದು, ಕಾಂಡ ತಟ್ಟಿ ನೋಡಿದ.

"ಡಿಸ್‌ಮ್ಯಾಂಟಲ್ ಆಗುತ್ತಾ ಸಾರ್?"

"ಮರ ಕಣಯ್ಯಾ."

"ವಾರ್ಡ್‌ರೋಬೂ ಮರಾನೇ ಅಲ್ವಾ ಸಾರ್. ಬಿಚ್ಚಿ ತಗೊಂಡು ಹೋಗಿ ಅಲ್ಲಿ ಫಿಟ್ ಮಾಡ್ಕೊಡ್ತೀವಿ. ಕಾರ್ಪೆಂಟರ್ ಚಾರ್ಜ್ ಬೇರೆ." ಆಮೇಲೆ ಮೇಲೆ ನೋಡಿ, "ಕಾಯಿ ಸಮೇತಾನಾ, ಕಾಯಿಗೆ ಬೇರೆ ಬಾಕ್ಸಾ?"

ವಾಷಿಂಗ್ ಮಷೀನ್ ಕೆಳಗೆ "ಮರ ಒಂದು, ಹಸಿ" ಅಂತ ಬರೆದುಕೊಂಡ. ಡ್ಯಾಮೇಜ್ ಕಾಲಮ್ಮಿನಲ್ಲಿ "ಎಲೆ ತೂತು, ಮೊದಲಿಂದಲೇ" ಅಂತ ಹಾಕಿ ನನ್ನ ಸಹಿಯನ್ನೂ ತಗೊಂಡ. ನಾಳೆ ತಕರಾರು ಬರಬಾರದಂತೆ!

ನರ್ಸರಿಯವರು ಟೇಪು ಹಿಡಿದು ಲೆಕ್ಕ ಹೇಳಿದರು. ಕಾಂಡದ ಅಡ್ಡಳತೆಯ ಹತ್ತು ಹನ್ನೆರಡು ಪಟ್ಟು ಅಗಲಕ್ಕೆ ಬೇರಿನ ಉಂಡೆ ತೆಗೆಯಬೇಕು. ನಮ್ಮದು 6 ಇಂಚು, ಅಂದರೆ 5-6 ಅಡಿ ಉಂಡೆ, ಮಣ್ಣು ಸೇರಿ ಒಂದೂವರೆ ಟನ್ನಿಗೆ ಮೋಸ ಇಲ್ಲ. ಅದೂ ತಿಂಗಳುಗಟ್ಟಲೆ ಮುಂಚೆಯೇ ಸುತ್ತ ಬೇರು ಸವರಿ, ಹೊಸ ಬೇರು ಬರುವವರೆಗೆ ಕಾದು. ನಮ್ಮ ಉಂಡೆಯೊಳಗೆ ಕಾಂಪೌಂಡ್ ಗೋಡೆ, ಅರ್ಧ ಸಂಪು, ನೀರಿನ ಪೈಪು ಎಲ್ಲ ಬರುತ್ತದೆ. ಇಷ್ಟಾಗಿ ಉಳಿಯುತ್ತೆ ಅಂತ ಗ್ಯಾರಂಟಿ ಇಲ್ಲ.

"ಮಾರ್ಕೆಟ್ಟಿನಲ್ಲಿ ಸೀಬೆ ಸಿಗಲ್ವಾ?" ಅಂತಾರೆ ಎದುರುಮನೆಯವರು. ಸಿಗುತ್ತೆ ಸ್ವಾಮಿ. ಈ ಮರದ ಹಣ್ಣಂತೂ ಅಳಿಲು, ಗಿಳಿ ಬಿಟ್ಟರೆ ನಮಗೆ ಸಿಕ್ಕಿದ್ದೇ ಕಡಿಮೆ. ಆದರೂ ಅಪ್ಪ ಅರ್ಧ ಅಳಿಲು ಕಚ್ಚಿದ್ದನ್ನು ಚಾಕುವಿನಲ್ಲಿ ಕೆತ್ತಿ, ಉಳಿದರ್ಧಕ್ಕೆ ಉಪ್ಪು ಖಾರದಪುಡಿ ಸವರಿ, "ಅದಕ್ಕೆ ಗೊತ್ತು ಯಾವುದು ಸಿಹಿ ಅಂತ" ಅನ್ನುತ್ತಾ ಕೊಡುತ್ತಿದ್ದರು. ಅದನ್ನು ಯಾವ ಲಾರಿಗೆ ಹಾಕೋದು?

ಕೊನೆಗೆ ಗೂಟಿ ಕಟ್ಟಿದೆವು. ಹೇಗೂ ಮಳೆಗಾಲ. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದಿಂಚು ಸಿಪ್ಪೆ ಉಂಗುರದ ಹಾಗೆ ತೆಗೆದು, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದರೆ ಒಂದೂವರೆ ತಿಂಗಳಲ್ಲಿ ಬೇರು. ಆಮೇಲೆ ಕೊಂಬೆ ಕತ್ತರಿಸಿ ಹೊಸ ಮನೆಯಲ್ಲಿ ನೆಟ್ಟರಾಯ್ತು. ಅದೇ ಮರ, ಅದೇ ಹಣ್ಣು.

ನಿನ್ನೆ ಓನರ್ ಬಂದು ನೋಡಿದರು. "ಹಣ್ಣು ಬಾಳ ರುಚಿ ಕಣ್ರೀ ಇದರದ್ದು. ನನಗೂ ಒಂದು ಕಟ್ಟಿಡಿ, ತೋಟಕ್ಕೆ ಬೇಕು."

ಕಟ್ಟಿಟ್ಟಿದ್ದೇನೆ, ಕೆಂಜಿಗದ ಗೂಡಿರುವ ಕೊಂಬೆಗೆ. ಬಿಚ್ಚಿಕೊಳ್ಳುವುದು ಅವರ ಜವಾಬ್ದಾರಿ.